ಅಮೆರಿಕದ ‘ಉಚಿತ ಚಿಕಿತ್ಸೆ’ ಜಗಳ: ದಾಖಲೆಯಿಲ್ಲದ ವಲಸಿಗರಿಗೆ ಸಿಗುತ್ತಿರುವುದೇನು, ಕಳೆದುಕೊಳ್ಳುತ್ತಿರುವವರು ಯಾರು?

2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, ಒಟ್ಟು 43 ದಿನ, ಅಮೆರಿಕದ ಫೆಡರಲ್ ಸರ್ಕಾರದ ಕೆಲಸಕಾರ್ಯಗಳು ಹಣ ಮಂಜೂರಾಗದೆ ಸ್ಥಗಿತಗೊಂಡಿದ್ದವು. ಆ ದೇಶದ ಇತಿಹಾಸದಲ್ಲಿ ಇಷ್ಟು ದೀರ್ಘ ಸ್ಥಗಿತ ಹಿಂದೆ ಆಗಿರಲಿಲ್ಲ. ಕಾರಣವೇನೆಂದು ಕೇಳಿದರೆ ರಿಪಬ್ಲಿಕನ್ನರು, ‘ಡೆಮಾಕ್ರಾಟರು ಅಕ್ರಮ ವಲಸಿಗರಿಗೆ ತೆರಿಗೆದಾರರ ದುಡ್ಡಿನಲ್ಲಿ ಉಚಿತ ಚಿಕಿತ್ಸೆ ಕೊಡಿಸಲು ಹಟ ಹಿಡಿದಿದ್ದಾರೆ’ ಎನ್ನುತ್ತಿದ್ದರು. ಡೆಮಾಕ್ರಾಟರು, ‘ಅಂಥವರಿಗೆ ಫೆಡರಲ್ ನೆರವು ಸಿಗುವುದನ್ನು ಕಾನೂನೇ ನಿಷೇಧಿಸಿದೆ, ನಾವು ಕೇಳುತ್ತಿರುವುದು ನಾಗರಿಕರ ವಿಮಾ ಸಬ್ಸಿಡಿಯನ್ನು’ ಎನ್ನುತ್ತಿದ್ದರು. ಒಂದೇ ಕಾನೂನನ್ನು ಮುಂದಿಟ್ಟುಕೊಂಡು ಇಬ್ಬರೂ ಹೀಗೆ ತದ್ವಿರುದ್ಧ ಮಾತಾಡಿದ್ದು ಹೇಗೆ ಎಂಬುದು ಅಲ್ಲಿನ ಮತದಾರರಿಗೇ ಸರಿಯಾಗಿ ತಿಳಿಯಲಿಲ್ಲ. ಈ ಗೊಂದಲ ಬಿಡಿಸಬೇಕಾದರೆ ಒಂದೇ ಪ್ರಶ್ನೆಯಂತೆ ಕಾಣುವುದನ್ನು ಮೂರಾಗಿ ಒಡೆದು ನೋಡಬೇಕು: ಫೆಡರಲ್ ಸರ್ಕಾರ ಏನು ಕೊಡುತ್ತದೆ, ರಾಜ್ಯಗಳು ತಮ್ಮ ಬೊಕ್ಕಸದಿಂದ ಏನು ಕೊಡುತ್ತವೆ, ಮತ್ತು ಯಾರೂ ಕೊಡದಿದ್ದಾಗ ಬಿಲ್ಲು ಯಾರ ತಲೆಗೆ ಬರುತ್ತದೆ.

ಕಾನೂನಿನಲ್ಲಿ ಇರುವುದು

ಅಮೆರಿಕದಲ್ಲಿ ಸರ್ಕಾರಿ ನೆರವಿನ ಆರೋಗ್ಯ ವ್ಯವಸ್ಥೆಗೆ ಮೂರು ಮುಖ್ಯ ದಾರಿಗಳಿವೆ. 65 ವರ್ಷ ದಾಟಿದವರಿಗೆ ಮೆಡಿಕೇರ್, ಬಡವರಿಗೆ ಫೆಡರಲ್ ಮತ್ತು ರಾಜ್ಯ ಸರ್ಕಾರಗಳು ಖರ್ಚು ಹಂಚಿಕೊಂಡು ನಡೆಸುವ ಮೆಡಿಕೇಡ್, ಇವೆರಡರ ನಡುವೆ ಉಳಿದವರಿಗೆ 2010ರ ಒಬಾಮಾಕೇರ್ ಕಾನೂನಿನಡಿ ತೆರೆದ ವಿಮಾ ಮಾರುಕಟ್ಟೆ. ಈ ಮಾರುಕಟ್ಟೆಯಲ್ಲಿ ಆದಾಯಕ್ಕೆ ತಕ್ಕಂತೆ ಪ್ರೀಮಿಯಂನ ಒಂದು ಭಾಗವನ್ನು ಸರ್ಕಾರವೇ ತುಂಬುತ್ತದೆ.

ದಾಖಲೆಯಿಲ್ಲದ ವಲಸಿಗರಿಗೆ ಈ ಮೂರೂ ದಾರಿಗಳು ಮುಚ್ಚಿವೆ. 1996ರ ಆಗಸ್ಟ್‌ನಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಕಲ್ಯಾಣ ಸುಧಾರಣಾ ಕಾನೂನು ಅವರನ್ನು ಫೆಡರಲ್ ಸೌಲಭ್ಯಗಳಿಂದ ಹೊರಗಿಟ್ಟಿತು. ಅದೇ ಕಾನೂನು ಗ್ರೀನ್ ಕಾರ್ಡ್ ಪಡೆದು ಕಾನೂನುಬದ್ಧವಾಗಿ ನೆಲೆಸಿದವರಲ್ಲೂ ಬಹುತೇಕರು ಮೆಡಿಕೇಡ್‌ಗೆ ಐದು ವರ್ಷ ಕಾಯಬೇಕೆಂದು ವಿಧಿಸಿತು. ಒಬಾಮಾಕೇರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ದಾಖಲೆಯಿಲ್ಲದವರು ಪೂರ್ತಿ ಪ್ರೀಮಿಯಂ ತಮ್ಮ ಜೇಬಿನಿಂದಲೇ ಕಟ್ಟುತ್ತೇವೆಂದರೂ ಆ ಮಾರುಕಟ್ಟೆಯಲ್ಲಿ ವಿಮೆ ಕೊಳ್ಳುವಂತಿಲ್ಲ. 2009ರ ಸೆಪ್ಟೆಂಬರ್‌ನಲ್ಲಿ ಸಂಸತ್ತಿನ ಜಂಟಿ ಅಧಿವೇಶನದಲ್ಲಿ ಒಬಾಮ ಈ ಭರವಸೆ ಕೊಡುತ್ತಿದ್ದಾಗಲೇ ದಕ್ಷಿಣ ಕೆರೊಲಿನಾದ ಸಂಸದ ಜೋ ವಿಲ್ಸನ್ ‘ನೀವು ಸುಳ್ಳು ಹೇಳುತ್ತಿದ್ದೀರಿ’ ಎಂದು ಕೂಗಿದ್ದು ದೊಡ್ಡ ಸುದ್ದಿಯಾಗಿತ್ತು. ಹದಿನೈದು ವರ್ಷಗಳಾದ ಮೇಲೂ ಅದೇ ಆರೋಪ, ಅದೇ ನಿರಾಕರಣೆ ಮುಂದುವರಿದಿವೆ. ಕಾನೂನಿನ ಪಠ್ಯದ ಮಟ್ಟಿಗೆ ಹೇಳುವುದಾದರೆ ಒಬಾಮ ಸುಳ್ಳು ಹೇಳಿರಲಿಲ್ಲ.

ತುರ್ತು ವಿಭಾಗದ ಬಾಗಿಲು

ಹಾಗಿದ್ದರೆ ‘ಉಚಿತ ಚಿಕಿತ್ಸೆ’ಯ ಮಾತು ಬರುವುದು ಎಲ್ಲಿಂದ? ಅದರ ಮೂಲ 1986ರಲ್ಲಿದೆ. ವಿಮೆಯಿಲ್ಲದ ರೋಗಿಗಳನ್ನು, ಹೆರಿಗೆ ನೋವಿನಲ್ಲಿರುವವರನ್ನೂ ಸೇರಿಸಿ, ಖಾಸಗಿ ಆಸ್ಪತ್ರೆಗಳು ಆಂಬುಲೆನ್ಸ್‌ನಲ್ಲಿ ಹಾಕಿ ಸರ್ಕಾರಿ ಆಸ್ಪತ್ರೆಗಳಿಗೆ ಸಾಗಹಾಕುತ್ತಿದ್ದ ಪ್ರಕರಣಗಳು ಆ ವರ್ಷಗಳಲ್ಲಿ ಹೆಚ್ಚಾಗಿ ಬಯಲಾಗಿದ್ದವು. ಷಿಕಾಗೊದ ಕುಕ್ ಕೌಂಟಿ ಆಸ್ಪತ್ರೆಗೆ ಹೀಗೆ ಬಂದು ಬೀಳುತ್ತಿದ್ದ ರೋಗಿಗಳ ಬಗ್ಗೆ ಅಲ್ಲಿನ ವೈದ್ಯರೇ ಅಧ್ಯಯನ ಮಾಡಿ ಪ್ರಕಟಿಸಿದರು. ಅದೇ ವರ್ಷ ರೊನಾಲ್ಡ್ ರೇಗನ್ ಸಹಿ ಮಾಡಿದ ಕಾನೂನಿನ ಪ್ರಕಾರ, ಮೆಡಿಕೇರ್ ಹಣ ಪಡೆಯುವ ಯಾವುದೇ ಆಸ್ಪತ್ರೆ ತನ್ನ ತುರ್ತು ವಿಭಾಗಕ್ಕೆ ಬಂದವರನ್ನು ಪರೀಕ್ಷಿಸಬೇಕು, ಅಪಾಯದ ಸ್ಥಿತಿಯಲ್ಲಿದ್ದರೆ ಸ್ಥಿರಗೊಳಿಸಬೇಕು. ರೋಗಿಯ ಬಳಿ ದುಡ್ಡಿದೆಯೇ, ವೀಸಾ ಇದೆಯೇ ಎಂಬುದು ಅದಕ್ಕೆ ಅಡ್ಡ ಬರುವಂತಿಲ್ಲ. ಮೆಡಿಕೇರ್ ಹಣವಿಲ್ಲದೆ ಅಲ್ಲಿ ಆಸ್ಪತ್ರೆ ನಡೆಸುವುದು ಸುಲಭವಲ್ಲವಾದ್ದರಿಂದ ಬಹುತೇಕ ಎಲ್ಲ ಆಸ್ಪತ್ರೆಗಳೂ ಈ ಕಟ್ಟಳೆಗೆ ಒಳಪಟ್ಟವು.

ಚಿಕಿತ್ಸೆ ಕಡ್ಡಾಯವಾಯಿತು, ಆದರೆ ಅದರ ಖರ್ಚಿಗೆಂದು ಆ ಕಾನೂನು ಒಂದು ಡಾಲರನ್ನೂ ಇಡಲಿಲ್ಲ. ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುವುದು ‘ತುರ್ತು ಮೆಡಿಕೇಡ್’ ಎಂಬ ವ್ಯವಸ್ಥೆ. ಆದಾಯ ಮುಂತಾದ ಎಲ್ಲ ಷರತ್ತುಗಳಲ್ಲಿ ಮೆಡಿಕೇಡ್‌ಗೆ ಅರ್ಹರಾಗಿದ್ದು, ವಲಸೆಯ ಸ್ಥಿತಿಯೊಂದರಿಂದಲೇ ಹೊರಗುಳಿದವರು ತುರ್ತು ಚಿಕಿತ್ಸೆ ಅಥವಾ ಹೆರಿಗೆಗೆ ಬಂದರೆ ಸರ್ಕಾರ ಆಸ್ಪತ್ರೆಗೆ ಹಣ ತುಂಬಿಕೊಡುತ್ತದೆ. ಈ ಹಣ ಕೈಸೇರುವುದು ಆಸ್ಪತ್ರೆಗೇ ಹೊರತು ರೋಗಿಗಲ್ಲ, ಮತ್ತು ರೋಗಿಯ ಕೈಗೆ ವಿಮಾ ಕಾರ್ಡ್ ಯಾವುದೂ ಬರುವುದಿಲ್ಲ. 2023ರಲ್ಲಿ ಇದಕ್ಕೆ ಆದ ಖರ್ಚು ಸುಮಾರು 380 ಕೋಟಿ ಡಾಲರ್. ಕೇಳಲು ದೊಡ್ಡ ಮೊತ್ತವೇ ಸರಿ, ಆದರೆ ಮೆಡಿಕೇಡ್‌ನ ಒಟ್ಟು ವೆಚ್ಚದಲ್ಲಿ ಅದು ಶೇ 1ಕ್ಕಿಂತಲೂ ಕಡಿಮೆ.

ಅಂದರೆ ದಾಖಲೆಯಿಲ್ಲದವರಿಗೆ ಸರ್ಕಾರಿ ಖರ್ಚಿನ ಚಿಕಿತ್ಸೆ ಇರಬೇಕೇ ಎಂಬ ಪ್ರಶ್ನೆಗೆ ಅಮೆರಿಕ ಅರ್ಧ ಉತ್ತರವನ್ನು ರೇಗನ್ ಕಾಲದಲ್ಲೇ ಕೊಟ್ಟಾಗಿದೆ. ಪ್ರಾಣಕ್ಕೆ ಬಂದಾಗ ಬಾಗಿಲು ತೆರೆಯುತ್ತದೆ. ಅದಕ್ಕೂ ಮುಂಚೆ, ಕಾಯಿಲೆ ಇನ್ನೂ ಸಣ್ಣದಿರುವಾಗ ತೆರೆಯಬೇಕೇ ಎಂಬುದಷ್ಟೇ ಉಳಿದಿರುವ ಪ್ರಶ್ನೆ.

2025ರ ಕಾನೂನು ಕತ್ತರಿಸಿದ್ದು ಯಾರ ಸೌಲಭ್ಯವನ್ನು?

ಸ್ಥಗಿತದ ಹಿಂದಿದ್ದ ಜಗಳ ಎರಡು ವಿಷಯಗಳದ್ದು. ಕೋವಿಡ್ ಕಾಲದಲ್ಲಿ, 2021ರಲ್ಲಿ, ವಿಮಾ ಮಾರುಕಟ್ಟೆಯ ಸಬ್ಸಿಡಿಯನ್ನು ಹೆಚ್ಚಿಸಲಾಗಿತ್ತು ಮತ್ತು ಆ ಹೆಚ್ಚಳ 2025ರ ಡಿಸೆಂಬರ್ ಕೊನೆಗೆ ಮುಗಿಯುವುದಿತ್ತು. ಅದನ್ನು ಮುಂದುವರಿಸಬೇಕೆಂಬುದು ಡೆಮಾಕ್ರಾಟರ ಮೊದಲ ಬೇಡಿಕೆ. 2025ರ ಜುಲೈ 4ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ದೊಡ್ಡ ತೆರಿಗೆ ಮತ್ತು ವೆಚ್ಚ ಕಾನೂನಿನಲ್ಲಿ ಆರೋಗ್ಯಕ್ಕೆ ಸಂಬಂಧಿಸಿದ ಕಡಿತಗಳನ್ನು ರದ್ದು ಮಾಡಬೇಕೆಂಬುದು ಎರಡನೆಯದು. ‘ಅಕ್ರಮ ವಲಸಿಗರಿಗೆ ಕೋಟಿಗಟ್ಟಲೆ’ ಎಂಬ ಆರೋಪ ಹುಟ್ಟಿದ್ದು ಈ ಎರಡನೆಯ ಬೇಡಿಕೆಯಿಂದ.

ಆ ಕಾನೂನಿನ ವಲಸೆ ಸಂಬಂಧಿ ಕಡಿತಗಳನ್ನು ಓದಿದರೆ ಒಂದು ವಿಚಿತ್ರ ಕಾಣುತ್ತದೆ. ದಾಖಲೆಯಿಲ್ಲದವರಿಂದ ಕಿತ್ತುಕೊಳ್ಳಲು ಫೆಡರಲ್ ಮಟ್ಟದಲ್ಲಿ ಹೆಚ್ಚೇನೂ ಉಳಿದಿರಲಿಲ್ಲವಾದ್ದರಿಂದ ಕತ್ತರಿ ಬಿದ್ದದ್ದು ಬಹುಪಾಲು ಕಾನೂನುಬದ್ಧವಾಗಿ ಇರುವವರ ಮೇಲೆ. 2026ರ ಅಕ್ಟೋಬರ್ 1ರಿಂದ ನಿರಾಶ್ರಿತರು, ಆಶ್ರಯ ಪಡೆದವರು, ಮಾನವೀಯ ಪೆರೋಲ್ (ವೀಸಾ ಇಲ್ಲದೆ ತಾತ್ಕಾಲಿಕವಾಗಿ ಒಳಬರಲು ಸರ್ಕಾರ ಕೊಡುವ ಅನುಮತಿ) ಮೇಲೆ ಬಂದವರಲ್ಲಿ ಹೆಚ್ಚಿನವರಿಗೆ ಮೆಡಿಕೇಡ್ ಇಲ್ಲ. ನಾಗರಿಕರು, ಗ್ರೀನ್ ಕಾರ್ಡ್ ಹೊಂದಿದವರು, ಕ್ಯೂಬಾ ಮತ್ತು ಹೈಟಿಯಿಂದ ಬಂದ ಕೆಲವು ವರ್ಗದವರು ಹಾಗೂ ಪೆಸಿಫಿಕ್‌ನ ಮೂರು ಪುಟ್ಟ ದ್ವೀಪರಾಷ್ಟ್ರಗಳವರು ಮಾತ್ರ ಒಳಗೆ ಉಳಿಯುತ್ತಾರೆ. 2027ರ ಜನವರಿಯಿಂದ ವಿಮಾ ಮಾರುಕಟ್ಟೆಯ ಸಬ್ಸಿಡಿಗೂ ಹೆಚ್ಚುಕಡಿಮೆ ಇದೇ ಪಟ್ಟಿ. ಇವುಗಳಿಂದ ಕಾನೂನುಬದ್ಧ ವಲಸಿಗರಲ್ಲೇ ಸುಮಾರು 14 ಲಕ್ಷ ಮಂದಿ ವಿಮೆ ಕಳೆದುಕೊಳ್ಳುತ್ತಾರೆಂದು ಸಂಸತ್ತಿನದೇ ಬಜೆಟ್ ಕಚೇರಿ ಅಂದಾಜಿಸಿದೆ.

ರಿಪಬ್ಲಿಕನ್ನರ ಆರೋಪದಲ್ಲಿ ಹುರುಳೇ ಇಲ್ಲವೆಂದಲ್ಲ. ಬೈಡನ್ ಕಾಲದಲ್ಲಿ ಗಡಿಯಲ್ಲಿ ಪೆರೋಲ್ ಪಡೆದು ಒಳಬಂದವರು ಕಾಗದದ ಮೇಲೆ ಸಕ್ರಮವಾಗಿದ್ದರೂ ಅವರನ್ನು ಒಳಬಿಟ್ಟದ್ದೇ ಕಾನೂನಿನ ದುರ್ಬಳಕೆ ಎಂಬುದು ಅವರ ವಾದ. ಅವರನ್ನೂ ‘ಅಕ್ರಮ’ದ ಲೆಕ್ಕಕ್ಕೆ ಸೇರಿಸಿದರೆ ಆರೋಪ ನಿಂತುಕೊಳ್ಳುತ್ತದೆ, ಸೇರಿಸದಿದ್ದರೆ ಬೀಳುತ್ತದೆ. ಅವರ ಇನ್ನೊಂದು ವಾದ ಇದಕ್ಕಿಂತ ಗಟ್ಟಿಯಾದದ್ದು. ರಾಜ್ಯವೊಂದು ಆಸ್ಪತ್ರೆಗಳ ಮೇಲೆ ಮತ್ತು ವಿಮಾ ಕಂಪನಿಗಳ ಮೇಲೆ ತೆರಿಗೆ ಹಾಕಿ, ಅದನ್ನೇ ತನ್ನ ಪಾಲೆಂದು ತೋರಿಸಿ ಫೆಡರಲ್ ಸರ್ಕಾರದಿಂದ ಹೆಚ್ಚು ಮೆಡಿಕೇಡ್ ಹಣ ಎಳೆದುಕೊಂಡರೆ ಅದರ ಸ್ವಂತ ಹಣ ಅಷ್ಟರಮಟ್ಟಿಗೆ ಬಿಡುವಾಗುತ್ತದೆ. ಆ ಹಣವನ್ನು ದಾಖಲೆಯಿಲ್ಲದವರ ಚಿಕಿತ್ಸೆಗೆ ಬಳಸಿದಾಗ ‘ಇದರಲ್ಲಿ ಫೆಡರಲ್ ಪಾಲು ಒಂದು ಡಾಲರೂ ಇಲ್ಲ’ ಎಂಬ ಮಾತು ಲೆಕ್ಕಪುಸ್ತಕದಲ್ಲಷ್ಟೇ ಸರಿಯಾಗಿರುತ್ತದೆ. ಡೆಮಾಕ್ರಾಟರು ಈ ವಾದಕ್ಕೆ ನೇರ ಉತ್ತರ ಕೊಟ್ಟದ್ದು ಕಡಿಮೆ.

ಡಯಾಲಿಸಿಸ್‌ನಲ್ಲಿ ಕಾಣುವ ಲೆಕ್ಕ

ಬಾಗಿಲನ್ನು ಯಾವಾಗ ತೆರೆಯಬೇಕೆಂಬ ಪ್ರಶ್ನೆಯನ್ನು ಮೂತ್ರಪಿಂಡದ ಕಾಯಿಲೆಯಷ್ಟು ಸ್ಪಷ್ಟವಾಗಿ ಬೇರಾವುದೂ ತೋರಿಸುವುದಿಲ್ಲ. 1972ರ ಕಾನೂನಿನಿಂದಾಗಿ, ಮೂತ್ರಪಿಂಡ ಪೂರ್ತಿ ವಿಫಲವಾದ ಬಹುತೇಕ ಅಮೆರಿಕನ್ನರ ಡಯಾಲಿಸಿಸ್ ಖರ್ಚನ್ನು ವಯಸ್ಸಿನ ಭೇದವಿಲ್ಲದೆ ಮೆಡಿಕೇರ್ ಭರಿಸುತ್ತದೆ. ವಾರಕ್ಕೆ ಮೂರು ಸಲ, ಪ್ರತಿ ಸಲ ಮೂರ್ನಾಲ್ಕು ಗಂಟೆ, ನಿಗದಿತ ಕೇಂದ್ರದಲ್ಲಿ ಚಿಕಿತ್ಸೆ ನಡೆಯುತ್ತದೆ. ದಾಖಲೆಯಿಲ್ಲದ ರೋಗಿಗೆ ಇದು ಅನ್ವಯಿಸುವುದಿಲ್ಲ. ಹಲವು ರಾಜ್ಯಗಳಲ್ಲಿ ಅವರಿಗಿರುವುದು ತುರ್ತು ಡಯಾಲಿಸಿಸ್ ಮಾತ್ರ.

ಹೀಗೆಂದರೆ ಏನೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ರೋಗಿ ಮನೆಯಲ್ಲಿ ಕಾಯುತ್ತಾನೆ. ದೇಹದಲ್ಲಿ ನೀರು ತುಂಬಿ, ಮಲಗಿದರೆ ಉಸಿರು ಕಟ್ಟತೊಡಗಿದಾಗ ತುರ್ತು ವಿಭಾಗಕ್ಕೆ ಬರುತ್ತಾನೆ. ಅಲ್ಲಿ ರಕ್ತ ತೆಗೆದು ಪೊಟ್ಯಾಸಿಯಂ ಮಟ್ಟ ನೋಡುತ್ತಾರೆ, ಇಸಿಜಿ ಮಾಡುತ್ತಾರೆ. ಹೃದಯ ನಿಲ್ಲುವ ಅಪಾಯದ ಗೆರೆ ಮುಟ್ಟಿದ್ದರೆ ಡಯಾಲಿಸಿಸ್, ಇನ್ನೂ ಮುಟ್ಟಿರದಿದ್ದರೆ ಮನೆಗೆ ವಾಪಸ್ ಹೋಗಿ ಇನ್ನಷ್ಟು ಹದಗೆಟ್ಟ ಮೇಲೆ ಬರಬೇಕು. ಒಂದೆರಡು ಸುತ್ತಿನ ಬಳಿಕ ಪೊಟ್ಯಾಸಿಯಂ ತಗ್ಗಿದೊಡನೆ ಬಿಡುಗಡೆ. ನಾಲ್ಕಾರು ದಿನದಲ್ಲಿ ಅದೇ ಉಸಿರುಕಟ್ಟು, ಅದೇ ಸಾಲು, ಅದೇ ರಕ್ತಪರೀಕ್ಷೆ. ವೈದ್ಯರಿಗೆ ಕೊಡಬೇಕಾದ ಚಿಕಿತ್ಸೆ ಯಾವುದೆಂದು ಗೊತ್ತಿದೆ, ಯಂತ್ರ ಪಕ್ಕದಲ್ಲೇ ಇದೆ, ಆದರೆ ‘ತುರ್ತು’ ಎನ್ನುವಷ್ಟು ಕಾಯಿಲೆ ಏರುವವರೆಗೆ ಹಣ ಬರುವುದಿಲ್ಲ.

ಡೆನ್ವರ್ ಮತ್ತು ಹ್ಯೂಸ್ಟನ್‌ನಲ್ಲಿ ಹೀಗೆ ತುರ್ತು ಡಯಾಲಿಸಿಸ್ ಪಡೆಯುತ್ತಿದ್ದವರನ್ನು, ನಿಯಮಿತ ಡಯಾಲಿಸಿಸ್ ಕೊಡುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೊದ ದಾಖಲೆಯಿಲ್ಲದ ರೋಗಿಗಳೊಂದಿಗೆ ಹೋಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಐದು ವರ್ಷಗಳ ಅವಧಿಯಲ್ಲಿ ಮೊದಲ ಗುಂಪಿನವರ ಸಾವಿನ ಅಪಾಯ 14 ಪಟ್ಟು ಹೆಚ್ಚೆಂದು ಕಂಡುಕೊಂಡಿತು. ಮರುವರ್ಷ ಡಲ್ಲಾಸ್‌ನಿಂದ ಬಂದ ಅಧ್ಯಯನ ಹಣದ ಲೆಕ್ಕವನ್ನೂ ಕೊಟ್ಟಿತು. ಒಬಾಮಾಕೇರ್ ಮಾರುಕಟ್ಟೆಯ ಹೊರಗೆ ಖಾಸಗಿ ವಿಮೆ ಕೊಡಿಸಿ ನಿಯಮಿತ ಡಯಾಲಿಸಿಸ್‌ಗೆ ಸೇರಿಸಿದ ರೋಗಿಗಳಲ್ಲಿ ಒಂದು ವರ್ಷದ ಸಾವಿನ ಪ್ರಮಾಣ ಶೇ 3ರಷ್ಟಿತ್ತು, ತುರ್ತು ಡಯಾಲಿಸಿಸ್‌ನಲ್ಲೇ ಉಳಿದವರಲ್ಲಿ ಶೇ 17. ನಿಯಮಿತ ಚಿಕಿತ್ಸೆಯಿಂದ ತಲಾ ತಿಂಗಳಿಗೆ ಉಳಿತಾಯವಾದ ಹಣ 5,700 ಡಾಲರಿಗೂ ಹೆಚ್ಚು. ಅಂದರೆ ತುರ್ತು ವಿಭಾಗಕ್ಕೇ ಕಟ್ಟಿಹಾಕಿದ್ದರಿಂದ ರೋಗಿಯ ಜೀವವೂ ಉಳಿಯುತ್ತಿರಲಿಲ್ಲ, ತೆರಿಗೆದಾರರ ಹಣವೂ ಉಳಿಯುತ್ತಿರಲಿಲ್ಲ. ಕೊಲರಾಡೊ 2019ರಲ್ಲಿ ಹೊಸ ಶಾಸನವನ್ನೇನೂ ತರದೆ, ತುರ್ತು ಮೆಡಿಕೇಡ್‌ನ ವ್ಯಾಖ್ಯೆಯೊಳಗೆ ಮೂತ್ರಪಿಂಡ ವೈಫಲ್ಯವನ್ನು ಸೇರಿಸಿ ನಿಯಮಿತ ಡಯಾಲಿಸಿಸ್‌ಗೆ ದಾರಿ ಮಾಡಿತು.

ಗರ್ಭಿಣಿಯರ ವಿಷಯದಲ್ಲೂ ಇದೇ ತರ್ಕ ನಡೆಯುತ್ತದೆ. ಹುಟ್ಟುವ ಮಗು ಅಮೆರಿಕದ ನಾಗರಿಕ, ತಿಂಗಳ ತಪಾಸಣೆಗೆ ಆಗುವ ಖರ್ಚು ದಿನ ತುಂಬದೆ ಹುಟ್ಟಿದ ಮಗುವನ್ನು ವಾರಗಟ್ಟಲೆ ಐಸಿಯುನಲ್ಲಿ ಇಡುವುದಕ್ಕೆ ಹೋಲಿಸಿದರೆ ಅತ್ಯಲ್ಪ. 2002ರಲ್ಲಿ ಜಾರ್ಜ್ ಬುಷ್ ಸರ್ಕಾರವೇ, ಗರ್ಭದಲ್ಲಿರುವ ಮಗುವನ್ನು ಫಲಾನುಭವಿಯೆಂದು ಪರಿಗಣಿಸಿ ತಾಯಿಯ ವಲಸೆ ಸ್ಥಿತಿ ನೋಡದೆ ಪ್ರಸವಪೂರ್ವ ಆರೈಕೆ ಕೊಡಲು ರಾಜ್ಯಗಳಿಗೆ ಅವಕಾಶ ಮಾಡಿಕೊಟ್ಟಿತು.

ಆದರೆ ಎಲ್ಲ ಕಾಯಿಲೆಗಳೂ ಡಯಾಲಿಸಿಸ್ ಅಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು, ಹಲ್ಲಿನ ತೊಂದರೆ ಇವುಗಳಿಗೆ ವಿಮೆ ಕೊಟ್ಟರೆ ತುರ್ತು ವಿಭಾಗದ ಖರ್ಚು ಸ್ವಲ್ಪ ತಗ್ಗಬಹುದು, ಒಟ್ಟು ಖರ್ಚು ಮಾತ್ರ ಏರುತ್ತದೆ. ವಿಮೆ ಬಂದೊಡನೆ ಜನ ಇದುವರೆಗೆ ಮುಂದೂಡುತ್ತ ಬಂದ ಚಿಕಿತ್ಸೆಗಳನ್ನೆಲ್ಲ ಮಾಡಿಸಿಕೊಳ್ಳುತ್ತಾರೆ, ಅದು ಸಹಜವೂ ಹೌದು. ಮುಂಚಿತ ಚಿಕಿತ್ಸೆ ಯಾವಾಗಲೂ ಅಗ್ಗ ಎಂದು ನಂಬಿಸಿದ ಬೆಂಬಲಿಗರು ಈ ಭಾಗವನ್ನು ಮೆಲ್ಲಗೆ ಬಿಟ್ಟರು. ಅದರ ಪರಿಣಾಮ ಕ್ಯಾಲಿಫೋರ್ನಿಯಾದಲ್ಲಿ ಕಾಣಿಸಿತು.

ಮೂರು ರಾಜ್ಯಗಳು ಕೊಟ್ಟು ಹಿಂತೆಗೆದುಕೊಂಡದ್ದು

1994ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ದಾಖಲೆಯಿಲ್ಲದವರಿಗೆ ತುರ್ತಲ್ಲದ ಸರ್ಕಾರಿ ಚಿಕಿತ್ಸೆ ಹಾಗೂ ಸರ್ಕಾರಿ ಶಾಲೆ ಎರಡನ್ನೂ ನಿಷೇಧಿಸುವ 187ನೇ ಪ್ರಸ್ತಾವಕ್ಕೆ ಭಾರಿ ಬಹುಮತದಿಂದ ಒಪ್ಪಿಗೆ ಕೊಟ್ಟಿದ್ದರು. ನ್ಯಾಯಾಲಯ ಅದನ್ನು ತಡೆಯಿತು. ಅದೇ ರಾಜ್ಯ ಎರಡು ದಶಕಗಳ ನಂತರ ಪೂರ್ತಿ ಎದುರು ದಿಕ್ಕಿಗೆ ನಡೆಯಿತು. 2016ರಲ್ಲಿ ಮಕ್ಕಳು, 2020ರಲ್ಲಿ 19ರಿಂದ 25ರ ಯುವಜನರು, 2022ರಲ್ಲಿ 50 ದಾಟಿದವರು, ಕೊನೆಗೆ 2024ರ ಜನವರಿ 1ರಂದು ಉಳಿದವರು, ಹೀಗೆ ಹಂತಹಂತವಾಗಿ ದಾಖಲೆಯಿಲ್ಲದ ಎಲ್ಲ ಬಡವರಿಗೂ ತನ್ನ ಮೆಡಿಕೇಡ್ ಯೋಜನೆಯಾದ ಮೆಡಿ-ಕ್ಯಾಲ್‌ನ ಬಾಗಿಲು ತೆರೆಯಿತು. ಇಷ್ಟು ದೂರ ಹೋದ ರಾಜ್ಯಗಳು ಬೆರಳೆಣಿಕೆಯಷ್ಟೇ.

ಸುಮಾರು 16 ಲಕ್ಷ ಮಂದಿ ಸೇರಿದರು. ಖರ್ಚು ಅಂದಾಜನ್ನು ಸುಮಾರು 270 ಕೋಟಿ ಡಾಲರ್ ಮೀರಿತು. 2025ರ ಮಾರ್ಚ್‌ನಲ್ಲಿ ಮೆಡಿ-ಕ್ಯಾಲ್ ಬಿಲ್ ತೀರಿಸಲು ರಾಜ್ಯ ತನ್ನದೇ ಸಾಮಾನ್ಯ ನಿಧಿಯಿಂದ 344 ಕೋಟಿ ಡಾಲರ್ ಸಾಲ ಪಡೆಯಬೇಕಾಯಿತು. ಔಷಧಗಳ ಬೆಲೆಯೇರಿಕೆ, ನಾಗರಿಕ ವೃದ್ಧರ ಸೇರ್ಪಡೆಯೂ ಈ ಕೊರತೆಗೆ ಕಾರಣವಾಗಿದ್ದವು. ಆದರೂ ಒಟ್ಟು ಸುಮಾರು 1,200 ಕೋಟಿ ಡಾಲರ್ ಕೊರತೆಯ ಬಜೆಟ್ ಸರಿದೂಗಿಸುವಾಗ ಗವರ್ನರ್ ಗ್ಯಾವಿನ್ ನ್ಯೂಸಮ್ ಕೈ ಹಾಕಿದ್ದು ಇಲ್ಲಿಗೇ. 2026ರ ಜನವರಿ 1ರಿಂದ ದಾಖಲೆಯಿಲ್ಲದ ವಯಸ್ಕರ ಹೊಸ ಸೇರ್ಪಡೆ ನಿಂತಿದೆ. ಅದೇ ವರ್ಷದ ಜುಲೈಯಿಂದ ಹಲ್ಲಿನ ಚಿಕಿತ್ಸೆ ಇಲ್ಲ, 2027ರ ಜುಲೈಯಿಂದ 19ರಿಂದ 59ರ ವಯಸ್ಸಿನವರು ತಿಂಗಳಿಗೆ 30 ಡಾಲರ್ ಪ್ರೀಮಿಯಂ ಕಟ್ಟಬೇಕು ಎಂಬುದು ಬಜೆಟ್ಟಿನಲ್ಲಿ ಗೊತ್ತುಮಾಡಿದ ಕ್ರಮ.

ಇಲಿನಾಯ್‌ನ ಕಥೆ ಇನ್ನೂ ಚುಟುಕು. 42ರಿಂದ 64ರ ವಯೋಮಾನದವರಿಗೆಂದು ತೆರೆದ ಯೋಜನೆಯ ಖರ್ಚು ಅಂದಾಜಿನ ಮೂರು ಪಟ್ಟನ್ನೂ ಮೀರಿತೆಂದು ರಾಜ್ಯದ ಲೆಕ್ಕಪರಿಶೋಧಕರೇ ವರದಿ ಕೊಟ್ಟರು, 2025ರ ಜುಲೈ 1ರಂದು ಯೋಜನೆ ಮುಚ್ಚಿತು. ಮಿನೆಸೋಟದಲ್ಲಿ 2025ರ ಜನವರಿಯಲ್ಲಿ ಶುರುವಾದದ್ದು ವಯಸ್ಕರ ಪಾಲಿಗೆ ಅದೇ ವರ್ಷಾಂತ್ಯಕ್ಕೆ ಮುಗಿಯಿತು. ಅಲ್ಲಿನ ಕೆಳಮನೆಯಲ್ಲಿ ಎರಡೂ ಪಕ್ಷಗಳ ಬಲ ಸಮನಾಗಿದ್ದು, ಬಜೆಟ್ ಅಂಗೀಕಾರವಾಗಬೇಕಾದರೆ ಇದನ್ನು ಬಿಟ್ಟುಕೊಡಿ ಎಂದು ರಿಪಬ್ಲಿಕನ್ನರು ಷರತ್ತು ಹಾಕಿದ್ದರು.

ಮೂರೂ ಕಡೆ ಆಡಳಿತ ಡೆಮಾಕ್ರಾಟ್ ಗವರ್ನರರದ್ದು. ಆದ್ದರಿಂದ ಇದನ್ನು ದ್ವೇಷದ ರಾಜಕಾರಣವೆಂದು ತಳ್ಳಿಹಾಕಲಾಗದು. ನಿಜವಾದ ಕಾರಣ ಹಣಕಾಸಿನ ರಚನೆಯಲ್ಲಿದೆ. ಸಾಮಾನ್ಯ ಮೆಡಿಕೇಡ್ ರೋಗಿಯ ಮೇಲೆ ರಾಜ್ಯ ಖರ್ಚು ಮಾಡುವ ಪ್ರತಿ ಡಾಲರಿಗೆ ಫೆಡರಲ್ ಸರ್ಕಾರ ಕನಿಷ್ಠ ಇನ್ನೊಂದು ಡಾಲರ್ ಸೇರಿಸುತ್ತದೆ. ದಾಖಲೆಯಿಲ್ಲದ ರೋಗಿಯ ತುರ್ತಲ್ಲದ ಚಿಕಿತ್ಸೆಗೆ ಅದು ಬರುವುದಿಲ್ಲ. ಫೆಡರಲ್ ಸರ್ಕಾರ ಸಾಲ ಮಾಡಿ ಬಜೆಟ್ ನಡೆಸಬಹುದು, ರಾಜ್ಯಗಳು ವರ್ಷಾವರ್ಷ ಆಯವ್ಯಯ ಸರಿದೂಗಿಸಲೇಬೇಕು. ತೆರಿಗೆ ಸೊರಗಿದ ವರ್ಷ ಮೊದಲು ಕಡಿತವಾಗುವುದು ಹೊರಗಿನ ಪಾಲು ಇಲ್ಲದ, ಫಲಾನುಭವಿಗಳಿಗೆ ಮತದಾನದ ಹಕ್ಕಿಲ್ಲದ ಯೋಜನೆ. ಉದಾರತೆಯ ಬಗ್ಗೆ ಎಷ್ಟೇ ಮಾತಾಡಿದರೂ ಈ ಗಣಿತ ಬದಲಾಗುವುದಿಲ್ಲ.

ವಿರೋಧದ ವಾದಗಳಲ್ಲಿ ನಿಲ್ಲುವುದು ಯಾವುದು?

ಹಣ ಸೀಮಿತ, ನಾಗರಿಕರಲ್ಲೇ ಎರಡೂವರೆ ಕೋಟಿಯಷ್ಟು ಮಂದಿಗೆ ವಿಮೆಯಿಲ್ಲ ಎನ್ನುವಂಥ ಮಾತು ಆಗಾಗ ಕೇಳಿಬರುತ್ತದೆ. ಆ ಲೆಕ್ಕದಲ್ಲಿ ನಾಗರಿಕರಲ್ಲದವರೂ ಸೇರಿದ್ದಾರೆಂಬುದನ್ನು ಬದಿಗಿಟ್ಟರೂ, ಆದ್ಯತೆಯ ಪ್ರಶ್ನೆ ನ್ಯಾಯವಾದದ್ದೇ. ಕಾನೂನು ಪಾಲಿಸಿ ವರ್ಷಗಟ್ಟಲೆ ಸರದಿಯಲ್ಲಿ ನಿಂತವನಿಗೆ ಐದು ವರ್ಷ ಕಾಯಿ ಎಂದು ಹೇಳಿ, ಗಡಿ ನುಸುಳಿದವನಿಗೆ ರಾಜ್ಯವೊಂದು ತಕ್ಷಣ ಕಾರ್ಡ್ ಕೊಟ್ಟರೆ ಮೊದಲನೆಯವನಿಗೆ ಸಿಟ್ಟು ಬಾರದಿರದು.

ಸೌಲಭ್ಯ ಕೊಟ್ಟರೆ ವಲಸೆ ಇನ್ನಷ್ಟು ಹೆಚ್ಚುತ್ತದೆ ಎಂಬ ವಾದ ಇದರಷ್ಟು ಗಟ್ಟಿಯಲ್ಲ. ಪ್ಯೂ ಸಂಶೋಧನಾ ಕೇಂದ್ರದ ಅಂದಾಜಿನಂತೆ ಅಮೆರಿಕದಲ್ಲಿ ದಾಖಲೆಯಿಲ್ಲದವರು 1990ರಲ್ಲಿ 35 ಲಕ್ಷ, 2007ರಲ್ಲಿ 1.22 ಕೋಟಿ. ಈ ಅವಧಿಯ ನಡುವೆಯೇ, 1996ರಲ್ಲಿ, ಫೆಡರಲ್ ಸೌಲಭ್ಯಗಳೆಲ್ಲ ಮುಚ್ಚಿದ್ದವು. ಬಾಗಿಲು ಮುಚ್ಚಿದ ಮೇಲೂ ಸಂಖ್ಯೆ ಏರುತ್ತಲೇ ಹೋಯಿತು. ಆಮೇಲೆ ಅದು ಇಳಿಮುಖವಾಗತೊಡಗಿದ್ದು 2008ರ ಆರ್ಥಿಕ ಕುಸಿತದಲ್ಲಿ ಕಟ್ಟಡ ಕೆಲಸ ನಿಂತಾಗ. ಜನ ಬರುವುದು ಮುಖ್ಯವಾಗಿ ದುಡಿಮೆಗೆ, ಮತ್ತು ಬರುವವರಲ್ಲಿ ಬಹುಪಾಲು ದುಡಿಯುವ ವಯಸ್ಸಿನವರು. ಅವರ ಮೇಲಾಗುವ ತಲಾ ಆರೋಗ್ಯ ಖರ್ಚು ಅಲ್ಲೇ ಹುಟ್ಟಿದವರದಕ್ಕಿಂತ ಸಾಕಷ್ಟು ಕಡಿಮೆ.

ಅವರು ತೆರಿಗೆ ಕಟ್ಟುವುದಿಲ್ಲ ಎಂಬುದಂತೂ ತಪ್ಪು. ತೆರಿಗೆ ಮತ್ತು ಆರ್ಥಿಕ ನೀತಿ ಸಂಸ್ಥೆಯೊಂದರ ಅಂದಾಜಿನಲ್ಲಿ 2022ರಲ್ಲಿ ಅವರು ಕಟ್ಟಿದ ಒಟ್ಟು ತೆರಿಗೆ 9,670 ಕೋಟಿ ಡಾಲರ್. ಅದರಲ್ಲಿ 640 ಕೋಟಿ ಹೋದದ್ದು ಮೆಡಿಕೇರ್ ನಿಧಿಗೆ. ಸಂಬಳದಿಂದ ನೇರವಾಗಿ ಕಡಿತವಾಗುವ ಈ ಹಣದಿಂದ ನಡೆಯುವ ಮೆಡಿಕೇರ್ ಅವರಿಗೆ ಎಂದೂ ಸಿಗುವಂಥದ್ದಲ್ಲ. ಅವರ ದುಡ್ಡಿನಲ್ಲಿ ಅಮೆರಿಕದ ವೃದ್ಧರ ಆರೈಕೆ ನಡೆಯುತ್ತಿದೆ ಎಂಬುದು ಟಿವಿ ಚರ್ಚೆಗಳಲ್ಲಿ ಅಪರೂಪಕ್ಕೆ ಬರುವ ಮಾತು.

ಭಯವೂ ಒಂದು ತಡೆ

ಯೋಜನೆ ಇದ್ದರೂ ಜನ ಬಾರದಂತೆ ಮಾಡುವ ಇನ್ನೊಂದು ದಾರಿ 2025ರಲ್ಲಿ ತೆರೆದುಕೊಂಡಿತು. ಮೆಡಿಕೇಡ್ ಫಲಾನುಭವಿಗಳ ಮಾಹಿತಿಯನ್ನು ಆರೋಗ್ಯ ಇಲಾಖೆ ವಲಸೆ ಜಾರಿ ಇಲಾಖೆಗೆ ಕೊಟ್ಟದ್ದು ಜೂನ್‌ನಲ್ಲಿ ಬೆಳಕಿಗೆ ಬಂದು, 20 ರಾಜ್ಯಗಳು ಮೊಕದ್ದಮೆ ಹೂಡಿದವು. ಫ್ಲೋರಿಡಾದಲ್ಲಿ 2023ರ ಕಾನೂನು ಮತ್ತು ಟೆಕ್ಸಸ್‌ನಲ್ಲಿ 2024ರ ಗವರ್ನರ್ ಆದೇಶದಂತೆ ಆಸ್ಪತ್ರೆಗಳು ಈಗಾಗಲೇ ರೋಗಿಗಳ ವಲಸೆ ಸ್ಥಿತಿ ಕೇಳುತ್ತವೆ. ಉತ್ತರ ಕೊಡಲೇಬೇಕೆಂದಿಲ್ಲ, ಚಿಕಿತ್ಸೆಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಮನೆಯಲ್ಲೊಬ್ಬರಿಗೆ ಕಾಗದಪತ್ರ ಇಲ್ಲದ ಕುಟುಂಬಕ್ಕೆ ಆ ಪ್ರಶ್ನೆಯೇ ಸಾಕು. ಅಂಥ ಮನೆಗಳಲ್ಲಿ ಅಮೆರಿಕದಲ್ಲೇ ಹುಟ್ಟಿದ, ಪೂರ್ಣ ಅರ್ಹತೆಯಿರುವ ಮಕ್ಕಳಿದ್ದಾರೆ. ಅವರ ಲಸಿಕೆ ತಪ್ಪಿದರೆ, ಮನೆಯಲ್ಲಿ ಕ್ಷಯರೋಗಿಯೊಬ್ಬರು ಆಸ್ಪತ್ರೆ ತಪ್ಪಿಸಿದರೆ ಸೋಂಕು ವೀಸಾ ನೋಡಿ ಹರಡುವುದಿಲ್ಲ.

ಸ್ಪೇನ್ 2012ರಲ್ಲಿ ಆರ್ಥಿಕ ಮುಗ್ಗಟ್ಟಿನ ನೆಪದಲ್ಲಿ ದಾಖಲೆಯಿಲ್ಲದವರನ್ನು ಸಾರ್ವಜನಿಕ ಆರೋಗ್ಯ ವ್ಯವಸ್ಥೆಯಿಂದ ಹೊರಹಾಕಿ, 2018ರಲ್ಲಿ ಮತ್ತೆ ಒಳಗೆ ತಂದಿತು. ಹೊರಹಾಕಿದ ಮೊದಲ ಮೂರು ವರ್ಷಗಳಲ್ಲಿ ಆ ಗುಂಪಿನ ಸಾವಿನ ಪ್ರಮಾಣ ಸುಮಾರು ಶೇ 15ರಷ್ಟು ಏರಿತೆಂದು ಅಲ್ಲಿನ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ.

ಕನ್ನಡಿಗರಿಗೆ ತಾಕುವ ಭಾಗ

ಪ್ಯೂ ಅಂದಾಜಿನಂತೆ 2023ರಲ್ಲಿ ಅಮೆರಿಕದಲ್ಲಿ ದಾಖಲೆಯಿಲ್ಲದೆ ಇದ್ದ ಭಾರತೀಯರು ಸುಮಾರು 6.8 ಲಕ್ಷ. 2025ರ ಫೆಬ್ರವರಿಯಲ್ಲಿ 104 ಮಂದಿಯನ್ನು ಹೊತ್ತ ಸೇನಾ ವಿಮಾನ ಅಮೃತಸರದಲ್ಲಿ ಇಳಿದಾಗ ಅದರಲ್ಲಿದ್ದವರು ಹೆಚ್ಚಾಗಿ ಹರಿಯಾಣ, ಗುಜರಾತ್, ಪಂಜಾಬಿನವರು. ಹಾಗಾಗಿ ಇದು ನಮ್ಮವರ ವಿಷಯವಲ್ಲ ಎಂದು ಬೇ ಏರಿಯಾದ ಅಥವಾ ನ್ಯೂಜೆರ್ಸಿಯ ಕನ್ನಡ ಕುಟುಂಬಗಳು ಅಂದುಕೊಂಡಿದ್ದರೆ ಅದು ಅರ್ಧ ಸತ್ಯ ಮಾತ್ರ.

ಮಗ ಅಥವಾ ಮಗಳು ಅಮೆರಿಕದ ಪೌರತ್ವ ಪಡೆದು, ಮೈಸೂರಿನಲ್ಲೋ ದಾವಣಗೆರೆಯಲ್ಲೋ ಇರುವ ತಂದೆ ತಾಯಿಗೆ ಗ್ರೀನ್ ಕಾರ್ಡ್ ಮಾಡಿಸಿ ಕರೆಸಿಕೊಂಡರೆ, ಆ ಹಿರಿಯರಿಗೆ 65 ದಾಟಿದ್ದರೂ ಮೆಡಿಕೇರ್ ಕೊಳ್ಳಲು ಐದು ವರ್ಷ ಕಾಯಬೇಕು, ಹೆಚ್ಚಿನ ಕಡೆ ಮೆಡಿಕೇಡ್‌ಗೂ ಅಷ್ಟೇ. ಈ ನಡುವಿನ ಅವಧಿಗೆ ಸ್ವಂತ ಆದಾಯ ಅತ್ಯಲ್ಪವಿದ್ದು ಮಕ್ಕಳಿಂದ ಪ್ರತ್ಯೇಕವಾಗಿ ತೆರಿಗೆ ಲೆಕ್ಕ ಸಲ್ಲಿಸುವ ಹಿರಿಯರಿಗೆ ವಿಮಾ ಮಾರುಕಟ್ಟೆಯ ಸಬ್ಸಿಡಿ ಆಸರೆಯಾಗಿತ್ತು. ಬಡತನ ರೇಖೆಗಿಂತ ಕೆಳಗಿನ ಆದಾಯದ ವಲಸಿಗರಿಗೆ ಕೊಡುತ್ತಿದ್ದ ಆ ಸಬ್ಸಿಡಿ 2026ರ ಜನವರಿ 1ರಿಂದ ಇಲ್ಲ. ಆ ವಯಸ್ಸಿನಲ್ಲಿ ಸಬ್ಸಿಡಿಯಿಲ್ಲದ ಪ್ರೀಮಿಯಂ ತಿಂಗಳಿಗೆ ಸಾವಿರ ಡಾಲರ್ ಮೀರುವುದು ಅಪರೂಪವಲ್ಲ.

ಎಚ್-1ಬಿ ವೀಸಾದವರಿಗೆ ಸಾಮಾನ್ಯವಾಗಿ ಕಂಪನಿಯ ವಿಮೆ ಇರುತ್ತದೆ. ಕೆಲಸ ಹೋದಾಗ ಹೊಸ ಕೆಲಸ ಹುಡುಕಲು 60 ದಿನಗಳ ಗಡುವಿನ ಜೊತೆಗೇ ವಿಮೆಯ ಚಿಂತೆಯೂ ಶುರುವಾಗುತ್ತದೆ. ಹಳೆಯ ಕಂಪನಿಯ ವಿಮೆಯನ್ನೇ ಪೂರ್ತಿ ಪ್ರೀಮಿಯಂ ಕಟ್ಟಿ ಮುಂದುವರಿಸಬಹುದು, ಅದು ಬಲು ದುಬಾರಿ. ಮಾರುಕಟ್ಟೆಯಲ್ಲಿ ಸಬ್ಸಿಡಿ ಸಹಿತ ವಿಮೆ ಕೊಳ್ಳುವ ಎರಡನೆಯ ದಾರಿ 2027ರ ಜನವರಿಯಲ್ಲಿ ಮುಚ್ಚುತ್ತದೆ. ವಿಮೆ ಕೊಳ್ಳಲು ಆಗಲೂ ಅಡ್ಡಿಯಿಲ್ಲ, ಪೂರ್ತಿ ಬೆಲೆ ಕೊಡಬೇಕು ಅಷ್ಟೆ. ಗ್ರೀನ್ ಕಾರ್ಡ್ ಸರದಿಯಲ್ಲಿ ದಶಕಗಟ್ಟಲೆ ಕಾಯುವ ಭಾರತೀಯರಿಗೆ ಈ ಸ್ಥಿತಿ ತಾತ್ಕಾಲಿಕವೂ ಅಲ್ಲ. ‘ಅಕ್ರಮ’ದವರ ಹೆಸರಿನಲ್ಲಿ ಗೆರೆ ಎಳೆಯುವಾಗ ಅದು ಸಕ್ರಮದವರ ಅಂಗಳದೊಳಕ್ಕೆ ಬಂದದ್ದು ಹೀಗೆ.

ಮುಂದೆ ಆಗುವುದೇನು?

ಸ್ಥಗಿತ ಮುಗಿದರೂ ಡೆಮಾಕ್ರಾಟರ ಎರಡು ಬೇಡಿಕೆಗಳಲ್ಲಿ ಒಂದೂ ಈಡೇರಲಿಲ್ಲ, ಹೆಚ್ಚಿಸಿದ ಸಬ್ಸಿಡಿ ಡಿಸೆಂಬರ್ 31ಕ್ಕೆ ಮುಗಿಯಿತು. 2026ರ ಅಕ್ಟೋಬರ್‌ನಲ್ಲಿ ನಿರಾಶ್ರಿತರ ಮೆಡಿಕೇಡ್ ನಿಲ್ಲುವ ದಿನವೇ ತುರ್ತು ಮೆಡಿಕೇಡ್‌ಗೆ ಸಂಬಂಧಿಸಿದ ಇನ್ನೊಂದು ಬದಲಾವಣೆಯೂ ಜಾರಿಗೆ ಬರುತ್ತದೆ. ಒಬಾಮಾಕೇರ್ ಅಡಿ ಹೆಚ್ಚು ಬಡವರಿಗೆ ಮೆಡಿಕೇಡ್ ವಿಸ್ತರಿಸಿದ ರಾಜ್ಯಗಳಲ್ಲಿ ಕೆಲವು ವರ್ಗದ ವಯಸ್ಕರ ತುರ್ತು ಚಿಕಿತ್ಸೆಗೆ ಫೆಡರಲ್ ಸರ್ಕಾರ ಕೊಡುತ್ತಿದ್ದ ಶೇ 90ರ ಪಾಲು ಸಾಮಾನ್ಯ ದರಕ್ಕೆ ಇಳಿಯುತ್ತದೆ, ಕ್ಯಾಲಿಫೋರ್ನಿಯಾದಂಥ ರಾಜ್ಯಕ್ಕೆ ಅದು ಶೇ 50. ತುರ್ತು ಚಿಕಿತ್ಸೆ ಕಡ್ಡಾಯವೆನ್ನುವ 1986ರ ಕಾನೂನು ಹಾಗೇ ಇರುತ್ತದೆ. ಆದ್ದರಿಂದ ರೋಗಿಗಳ ಸಂಖ್ಯೆ ಕಡಿಮೆಯಾಗದೆ, ವಿಮೆ ಕಳೆದುಕೊಂಡವರೂ ಸೇರಿ ಹೆಚ್ಚಾಗಿ, ಅವರ ಬಿಲ್ಲಿನ ದೊಡ್ಡ ಭಾಗ ರಾಜ್ಯ ಬೊಕ್ಕಸ ಮತ್ತು ಆಸ್ಪತ್ರೆಗಳ ಮೇಲೆ ಬೀಳುತ್ತದೆ. ಆಸ್ಪತ್ರೆಗಳು ಅದನ್ನು ಖಾಸಗಿ ವಿಮೆಯವರ ದರಕ್ಕೆ ಸೇರಿಸಬಹುದು. ಹಾಗೆ ಸೇರಿಸಲು ಸಾಕಷ್ಟು ವಿಮೆದಾರರೇ ಇಲ್ಲದ ಗ್ರಾಮೀಣ ಆಸ್ಪತ್ರೆಗಳು ಹೆರಿಗೆ ವಿಭಾಗದಂಥ ನಷ್ಟದ ಸೇವೆಗಳನ್ನು ಮುಚ್ಚುತ್ತವೆ, ಮತ್ತು ಆ ವಿಭಾಗ ಮುಚ್ಚುವುದು ಊರಿನ ನಾಗರಿಕರ ಪಾಲಿಗೂ.

ಕ್ಯಾಲಿಫೋರ್ನಿಯಾದ 30 ಡಾಲರ್ ಪ್ರೀಮಿಯಂ ಇದರಲ್ಲಿ ಗಮನಿಸಬೇಕಾದ ಪ್ರಯೋಗ. ಫಲಾನುಭವಿಯೂ ಪಾಲು ಹಾಕಲಿ ಎಂಬ ತತ್ವಕ್ಕೆ ಎರಡೂ ಪಕ್ಷಗಳಲ್ಲಿ ಬೆಂಬಲವಿದೆ. ಆದರೆ ತೋಟದಲ್ಲಿ, ಹೋಟೆಲಿನಲ್ಲಿ ದುಡಿಯುವ ಆರೋಗ್ಯವಂತ ಯುವಕ ವರ್ಷಕ್ಕೆ 360 ಡಾಲರ್ ಯಾಕೆಂದು ಬಿಟ್ಟು, ಸಕ್ಕರೆ ಕಾಯಿಲೆಯ ಐವತ್ತರ ಹೆಂಗಸು ತಪ್ಪದೆ ಕಟ್ಟಿದರೆ ಯೋಜನೆಯಲ್ಲಿ ರೋಗಿಗಳೇ ಉಳಿಯುತ್ತಾರೆ. ಹೊಸ ಸೇರ್ಪಡೆಯೂ ನಿಂತಿರುವುದರಿಂದ ಅವರ ಖರ್ಚನ್ನು ಹಂಚಿಕೊಳ್ಳಲು ಆರೋಗ್ಯವಂತರು ಬರುವುದಿಲ್ಲ. ಆಗ ಸೇರಿರುವವರ ಸಂಖ್ಯೆ ಇಳಿದರೂ ತಲಾ ಖರ್ಚು ಏರುತ್ತದೆ, ಆ ಏರಿಕೆಯನ್ನೇ ತೋರಿಸಿ ಮುಂದಿನ ಬಜೆಟ್ಟಿನಲ್ಲಿ ಇನ್ನೊಂದು ಕಡಿತ ಕೇಳುವುದು ಸುಲಭವಾಗುತ್ತದೆ.